ಕಾಪಿ ಬರೆಯುವ ಹುಡುಗಿ

ಬೆಳಗ್ಗೆ ಕುರಿಗಳು ಮೇಯಲು ಹೊರಡುವ ಮುಂಚೆ ಮರಿಗಳಿಗೆ ಹಾಲು ಕುಡಿಸುವ ಕೆಲಸ ನನ್ನದು. ಕುಡಿಸುವುದೆಂದರೇನು, ಅವೇ ಕುಡಿಯುತ್ತವೆ. ನನ್ನದು ಬರೀ ಪೊಲೀಸರ ಕೆಲಸ. ತನ್ನ ತಾಯಿಯ ಹಾಲು ಮುಗಿಸಿ ಬೇರೆ ಕುರಿಯ ಹಿಂದಿನಿಂದ ಮೆಲ್ಲಗೆ ನುಗ್ಗುವ ಮರಿಯೊಂದಿದೆ. ಆ ಶನಿವಾರ ಅದನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದುಕೊಂಡು ಕೂತಿದ್ದೆ. ನಮ್ಮ ಯಜಮಾನರು ಮಲ್ಲಣ್ಣ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ದೊಡ್ಡಿಯ ಬಾಗಿಲಲ್ಲಿ ಅವಸರ ಮಾಡುತ್ತಿದ್ದರು. ಅಷ್ಟರಲ್ಲಿ ವೈಷ್ಣವಿ ಎರಡು ಜಡೆ ಹಾರಿಸುತ್ತ ಓಡಿ ಬಂದಳು.

“ಕಾಕೂ, ಕಾಕೂ! ಸರ್ ಆಯಿಗೆ ಕರದಾರ! ಈಗಿಂದೀಗ!”

ವೈಷ್ಣವಿ ನನ್ನ ಮಗಳು ಶೀತಲಳ ಜೊತೆ ಐದನೇತ್ತೆ ಓದುತ್ತಾಳೆ. ಅವರ ಮನೆಮಾತು ಮರಾಠಿ. ಕನ್ನಡವನ್ನು ನಮ್ಮ ಅಂಗಳದಲ್ಲೇ ಆಡುತ್ತ ಆಡುತ್ತ ಕಲಿತವಳು.

ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಮಾತಿನಲ್ಲಿ ಅಜ್ಜಿ. ಒಲೆಯ ಮುಂದೆ ಕೂತಿದ್ದ ನಮ್ಮತ್ತೆ ಗುರಮ್ಮ ತಟ್ಟನೆ ಎದ್ದು ಸೆರಗು ಸರಿಮಾಡಿಕೊಂಡರು.

“ನನಗ್ಯಾಕ ಕರದಾರ ಮಾಸ್ತರ? ನಾ ಏನ್ ಮಾಡೀನಿ?”

“ಹೋಗಿ ಬಾ ಅವ್ವ,” ಎಂದರು ಮಲ್ಲಣ್ಣ. “ಐದನೇತ್ತಾ ಪಾಸಾಗೇ ಬಾ.”

“ಈ ಆಯಿ ಅಲ್ಲ, ಶೀತಲನ ಆಯಿ! ಕಾಕೂ, ನೀವು!” ವೈಷ್ಣವಿ ಉಸಿರು ತೆಗೆದುಕೊಂಡಳು. “ಎಲ್ಲಾರೂ ಶಪಥ ತಗೊಂಡೀವಿ, ಪರೀಕ್ಷಾದಾಗ ಕಾಪಿ ಮಾಡೂದಿಲ್ಲ ಅಂತ. ಶೀತಲ ಒಬ್ಬಾಕಿ ಬಾಯಿ ಮುಚ್ಚಕೊಂಡು ನಿಂತಳು. ಯಾಕ ಅಂತ ಸರ್ ಕೇಳಿದ್ರ, ‘ನಾ ದಿನಾ ಕಾಪಿ ಮಾಡ್ತೀನ್ರಿ, ನಮ್ಮವ್ವನೇ ಮಾಡಸ್ತಾಳ’ ಅಂತ ನನ್ನ ಕಿವ್ಯಾಗ ಅಂದಳು, ನಾ ಸರ್‌ಗ ಹೇಳಿದೆ!”

ನನ್ನ ಮೊಣಕಾಲು ಸಡಿಲಾಯಿತು. ಮರಿ ಜಿಗಿದು ಪಕ್ಕದ ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು.

“ಸುಗಂಧಾ,” ಎಂದರು ಮಲ್ಲಣ್ಣ, “ಏನ್ ಕಲಸ್ಲತ್ತೀ ಪೋರಿಗಿ?”

ವಿಷಯ ಏನೆಂದು ನನಗೆ ಕೈ ತೊಳೆದುಕೊಳ್ಳುವಾಗ ಹೊಳೆಯಿತು, ನಗು ತಡೆಯಲಾಗಲಿಲ್ಲ.

ನನ್ನ ತವರು ಆಳಂದದ ಕಡೆ. ಅಲ್ಲಿಯ ಶಾಲೆಯಲ್ಲಿ ನಾವು ದಿನಾ ಕಾಪಿ ಬರೆಯುತ್ತಿದ್ದೆವು. ಪುಟದ ತಲೆಯ ಮೇಲೆ ನಮ್ಮ ಶಿಕ್ಷಕಿ ಬಾಯಾರು ಒಂದು ಸಾಲು ದುಂಡಗೆ ಬರೆದುಕೊಡುತ್ತಿದ್ದರು, ಅದನ್ನೇ ಕೆಳಗಿನವರೆಗೂ ಹಾಗೇ ಬರೆಯಬೇಕು. ಅಕ್ಷರ ಚೆಂದವಾಗಲೆಂದು. ಗಡಿಯ ಈಚೆ ಮಹಾರಾಷ್ಟ್ರದಲ್ಲಿರುವ ನಮ್ಮೂರಿನ ಕನ್ನಡ ಶಾಲೆಯಲ್ಲೂ ಶೀತಲ ಅದನ್ನೇ ಮಾಡುತ್ತಿದ್ದಳು. ನಾಲ್ಕನೇತ್ತೆ ಮುಗಿಸಿ ಈ ಜೂನ್‌ನಲ್ಲಿ ಮರಾಠಿ ಹೈಸ್ಕೂಲಿಗೆ ಹೋದಮೇಲೆ ಕನ್ನಡ ಮರೆತಾಳೆಂದು ಸಂಜೆ ಊಟಕ್ಕೆ ಮುಂಚೆ ಒಂದು ಪುಟ ನಾನೇ ಬರೆಸುತ್ತೇನೆ. ನಮ್ಮಲ್ಲಿ ಕಾಪಿ ಬರೆದವರು ಜಾಣರು, ಕಾಪಿ ಹೊಡೆದವರು ಕಳ್ಳರು. ಮರಾಠಿಯವರು ಬರೆಯುವುದೂ ಇಲ್ಲ, ಹೊಡೆಯುವುದೂ ಇಲ್ಲ, ಕಾಪಿ ‘ಮಾಡುತ್ತಾರೆ’. ಅದರ ಅರ್ಥ ಒಂದೇ, ಕಳ್ಳತನ. ನನ್ನ ಮಗಳು ಪ್ರಾಮಾಣಿಕವಾಗಿ ಹೇಳಿದ ಮಾತು ಮರಾಠಿಗೆ ದಾಟುವಾಗ ನನ್ನನ್ನು ಕಳ್ಳರ ಗುರು ಮಾಡಿತ್ತು.

ವೈಷ್ಣವಿಯ ಜೊತೆ ಹೊರಟೆ. ದಾರಿಯಲ್ಲಿ ಕಾಸಾರಶಿರಸಿಯ ಬಸ್ಸು ಧೂಳೆಬ್ಬಿಸಿಕೊಂಡು ಬಂತು.

“ಕಾಕೂ, ಈ ಕಡೆ ಸರೀರಿ, ಬಸ್ ಬಂದಾಳ!”

“ಬಸ್ ಹೆಣ್ಮಗಳೇನ? ಬಸ್ ಬಂತು ಅನ್ನು.”

“ನಮ್ಮಲ್ಲಿ ಆಕಿ ಬಾಯಿಮನುಷ್ಯಾನೇ,” ಎಂದಳು ವೈಷ್ಣವಿ ಖಾತ್ರಿಯಿಂದ. ಮರಾಠಿಯಲ್ಲಿ ಬಸ್ಸೂ ಹೆಣ್ಣು.

ಶಾಲೆಯಲ್ಲಿ ಶೀತಲ ತರಗತಿಯ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ನೋಡಿದ ಕೂಡಲೇ ಕೆಳಗಿನ ತುಟಿ ಕಚ್ಚಿಕೊಂಡಳು. ಅವಳ ತರಗತಿಯ ಶಿಕ್ಷಕರು ಶಿವಾಜಿ ಸರ್ ಲೋಹಾರಾದವರು, ಇಲ್ಲಿಗೆ ಬಂದು ವರ್ಷವಾಗಿಲ್ಲ. ಕನ್ನಡ ಕಿವಿಗೆ ಬಿದ್ದಿದೆ, ಕಣ್ಣಿಗೆ ಬಿದ್ದಿಲ್ಲ. ಅರ್ಧ ಮರಾಠಿ ಅರ್ಧ ನಮ್ಮ ಮಾತು ಬೆರೆಸಿ ಮಾತಾಡುತ್ತಾರೆ. ಒಳ್ಳೆಯ ಮನುಷ್ಯರು, ನನ್ನನ್ನು ತಾಈ, ಅಂದರೆ ಅಕ್ಕ, ಎಂದೇ ಕರೆಯುತ್ತಾರೆ, ಆದರೆ ಆಗ ಮುಖ ಗಂಟಿಕ್ಕಿತ್ತು.

“ತಾಈ, ನೀವು ಮಗಳ ಕಡೆಯಿಂದ ದಿನಾ ಕಾಪಿ ಮಾಡಸ್ತೀರಂತ. ಖರೇ ಏನು?”

“ಖರೇರಿ ಸರ್. ಊಟಕ್ಕಿಂತ ಮೊದಲ.”

ಇಡೀ ತರಗತಿ ‘ಹಾ’ ಎಂದಿತು. ನಾನು ಬಿಡಿಸಿ ಹೇಳಬೇಕಿತ್ತು. ಆದರೆ ಅಷ್ಟು ಮಕ್ಕಳ ಬಾಯಿ ಒಟ್ಟಿಗೆ ತೆರೆದದ್ದು ನೋಡಿ ನನಗೆ ನಗು ಉಕ್ಕಿ ಬಂತು.

“ಎಂದಿನಿಂದ?” ಸರ್ ಕನ್ನಡಕ ತೆಗೆದರು.

“ಎರಡನೇತ್ತಾದಿಂದ್ರಿ. ಮೊದಲ ಕನ್ನಡ ಸಾಲ್ಯಾಗ, ಈಗ ಮನ್ಯಾಗ. ಸರ್, ಆಕಿಗೆ ಒಂದ್ಸಲ ಮಾಡಿ ತೋರ್ಸು ಅನ್ರಿ. ನೀವೇ ನೋಡ್ರಿ.”

ಸರ್ ಏನೂ ತಿಳಿಯದೆ ಶೀತಲಳ ಕೈಗೆ ಸೀಮೆಸುಣ್ಣದ ಖಡು ಕೊಟ್ಟರು. ಅವಳು ಹಲಗೆಯ ಮುಂದೆ ನಿಂತು, ನನ್ನ ಕಡೆ ಒಮ್ಮೆ ನೋಡಿ, ಬರೆದಳು: ‘ಕರಿಯ ಕುರಿ ಕೆರೆಯ ದಂಡೆಗೆ ಹೋಯಿತು.’ ಅದರ ಕೆಳಗೆ ಮತ್ತೆ, ‘ಕರಿಯ ಕುರಿ ಕೆರೆಯ ದಂಡೆಗೆ ಹೋಯಿತು.’ ನಾಲ್ಕು ಸಲ. ಒಂದು ಅಕ್ಷರವೂ ಸಾಲಿನಿಂದ ಕೆಳಗೆ ಜಾರಲಿಲ್ಲ.

“ಸರ್, ಗುಪ್ತ ಭಾಷಾ!” ಹಿಂದಿನಿಂದ ಒಬ್ಬ ಕೂಗಿದ.

“ಗುಪ್ತ ಅಲ್ಲೋ, ಜಿಲೇಬಿ!” ಇನ್ನೊಬ್ಬ.

ಆಗ ನಾನು ಹೇಳಿದೆ. ಇದೇ ನಮ್ಮ ಕಾಪಿ ಸರ್, ಅಕ್ಷರ ತಿದ್ದುವುದು, ಇದರಲ್ಲಿ ಕದಿಯುವುದು ಏನೂ ಇಲ್ಲ. ಶಿವಾಜಿ ಸರ್ ಹಲಗೆ ನೋಡಿದರು, ನನ್ನನ್ನು ನೋಡಿದರು, ಮೇಜು ಹಿಡಿದುಕೊಂಡು ನಗತೊಡಗಿದರು. ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು.

“ಸುಲೇಖನ! ನಾವು ಇದಕ್ಕ ಸುಲೇಖನ ಅಂತೀವಿ ತಾಈ. ಇವತ್ತ ರಾತ್ರಿ ನನ್ನ ನಿದ್ದಿ ಕೆಡಸ್ತಿದ್ಲು ನಿಮ್ಮ ಪೋರಿ.” ಆಮೇಲೆ ತರಗತಿಯ ಕಡೆ ತಿರುಗಿ ಗಂಭೀರವಾದರು. “ಎಲ್ಲಾರೂ ಕೇಳ್ರಿ. ಇನ್ನೊಬ್ಬರದು ನೋಡಿ ಬರೆಯೂದು, ಚೀಟಿ ತರೂದು, ಅಂಗೈ ಮ್ಯಾಲ ಬರಕೊಂಡು ಬರೂದು, ಅದು ಕಾಪಿ. ಶೀತಲ, ತಿಳೀತಲ್ಲ? ಇನ್ನ ಶಪಥ ಹೇಳು. ಮೀ ಕಾಪಿ ಕರಣಾರ ನಾಹೀ, ನಾ ಕಾಪಿ ಮಾಡೂದಿಲ್ಲ.”

ಮುಗಿಯಿತು, ಮನೆಗೆ ಹೋಗಿ ರೊಟ್ಟಿ ಬಡಿಯಬಹುದು ಎಂದುಕೊಂಡೆ. ಶೀತಲ ಬಾಯಿ ತೆರೆದಳು. ಅಲ್ಲಿಂದಲೇ ವೈಷ್ಣವಿಯ ಕಡೆ ನೋಡಿದಳು. ವೈಷ್ಣವಿ ತಿರುಗದ ಫ್ಯಾನನ್ನು ನೋಡುತ್ತಿದ್ದಳು. ಶೀತಲ ಬಾಯಿ ಮುಚ್ಚಿಕೊಂಡಳು.

“ಈಗೇನು ಅಡಚಣ?”

ಅವಳ ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು.

ಸರ್ ಬೈಯಲಿಲ್ಲ. ನನ್ನನ್ನು ಹೊರಗೆ ಕರೆದು ದನಿ ಇಳಿಸಿ ಹೇಳಿದರು. “ಸೋಮವಾರದಿಂದ ಪರೀಕ್ಷಾ. ಶಪಥ ಹೇಳದವರಿಗೆ ಕೂಡಿಸಬ್ಯಾಡ್ರಿ ಅಂತ ಹೆಡ್‌ಸರ್ ಮಾತು. ಸೋಮವಾರ ಪ್ರಾರ್ಥನಾ ಆಗೂತನಕ ವ್ಯಾಳ್ಯಾ ಅದ ತಾಈ. ಶಾಣ್ಯಾ ಹುಡುಗಿ. ಬರೀಲಿಕ್ಕ ಬರ್ತದ, ಆದ್ರ ಬಾಯೇ ಬಿಡೂದಿಲ್ಲ.”

ಶನಿವಾರದ ಅರ್ಧ ದಿನದ ಶಾಲೆ ಬಿಟ್ಟಮೇಲೆ ನಾನೂ ಶೀತಲಳೂ ನಡೆದು ಬಂದೆವು. ಅರ್ಧ ದಾರಿಯವರೆಗೂ ನಾನು ಏನೂ ಕೇಳಲಿಲ್ಲ. ಮರಿಯಾಗಲಿ ಮಗುವಾಗಲಿ, ಹಿಂದೆ ಬಿದ್ದರೆ ದೂರ ಓಡುತ್ತದೆ.

ಕೊನೆಗೆ ಅವಳೇ ಹೇಳಿದಳು. “ಸರ್‌ಗ ಒಂದು ಕೇಳೂದದ. ಅದು ಕೇಳಿದಮ್ಯಾಲೇ ಶಪಥ ಹೇಳತೀನಿ.”

“ಮತ್ತ ಕೇಳಬೇಕಿತ್ತಲ್ಲ ಅವ್ವಿ?”

“ಮರಾಠಿಯೊಳಗ ಕೇಳಬೇಕು. ನಗ್ತಾರ.”

ನನಗೆ ಗೊತ್ತಿತ್ತು. ಶಾಲೆ ಶುರುವಾದ ಮೊದಲ ದಿನ ತಡವಾಗಿ ಹೋದ ಶೀತಲ ಬಾಗಿಲಲ್ಲಿ ನಿಂತು ‘ಮೀ ಆಲೋ’ ಎಂದಿದ್ದಳು. ನಾನು ಬಂದೆ ಎನ್ನಲು ಮರಾಠಿಯಲ್ಲಿ ಹುಡುಗರು ‘ಆಲೋ’ ಅನ್ನಬೇಕು, ಹುಡುಗಿಯರು ‘ಆಲೇ’. ನಮ್ಮ ಭಾಷೆಯಲ್ಲಿ ನಾನು ಬಂದೆ ಎಂದರೆ ಮುಗಿಯಿತು, ಯಾರು ಬಂದರೂ ಒಂದೇ. ಅಂದಿನಿಂದ ಅವಳ ಹೆಸರು ‘ಶೀತಲ ದಾದಾ’, ಶೀತಲಣ್ಣ. ‘ದಾದಾ, ಮೀಸಿ ಎಲ್ಲಿಟ್ಟಿ?’ ‘ದಾದಾ, ಕಬಡ್ಡಿಗೆ ಬರ್ತೀಯೇನು?’ ಅವಳು ಹಾಜರಿ ಹೇಳುವುದೊಂದನ್ನು ಬಿಟ್ಟು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ನಿಲ್ಲಿಸಿದಳು. ಏನಾದರೂ ಬೇಕಿದ್ದರೆ ವೈಷ್ಣವಿಯ ಕಿವಿಯಲ್ಲಿ ಹೇಳುವುದು, ವೈಷ್ಣವಿ ಎದ್ದು ನಿಂತು ಸರ್‌ಗೆ ಹೇಳುವುದು. ಹಾಗೇ ನಡೆದಿತ್ತು.

“ವೈಷ್ಣವಿ ಕಡೆಯಿಂದ ಕೇಳಸು ಮತ್ತ.”

“ಇದು ಆಕಿ ಕಡೆಯಿಂದ ಆಗೂದಿಲ್ಲ.”

“ಹಂಗಾರ ನನಗ ಕೇಳು.”

“ನೀ ಸರ್ ಏನು?” ಎಂದು ಮುಂದೆ ಮುಂದೆ ನಡೆದಳು.

ರವಿವಾರ ಮಧ್ಯಾಹ್ನ ನಾನು ಮತ್ತು ನಮ್ಮತ್ತೆ ಬೇವಿನ ನೆರಳಲ್ಲಿ ಕೌದಿ ಹೊಲಿಯುತ್ತ ಕೂತಿದ್ದೆವು. ಹಗ್ಗದ ಮೇಲೆ ಕಂಬಳಿ ಒಣಹಾಕಿತ್ತು. ಅದರ ಹಿಂದೆ ಹುಡುಗಿಯರಿಬ್ಬರೂ ಪುಸ್ತಕ ಹರಡಿಕೊಂಡಿದ್ದರು. ಕಂಬಳಿಗೆ ಕಿವಿ ಇಲ್ಲ ಎಂದು ಅವರ ಎಣಿಕೆ.

“ಗಣಿತ ಬರೂದಿಲ್ಲ ನನಗ,” ವೈಷ್ಣವಿಯ ದನಿ. “ಭಾಗಾಕಾರ ನೋಡಿದ ಕೂಡ್ಲೆ ಹೊಟ್ಯಾಗ ನೋವು ಬರ್ತಾಳ.”

“ನೋವು ಬರ್ತದ ಅನ್ನು.”

“ಯಾವಾಕಿ ಬಂದ್ರೂ ನೋವೇ. ಶೀತಲ, ಹೋದ ತಿಂಗಳ ಮಾತಾಡಿದಂಗ ಮಾಡೂಣು. ಗಣಿತ ನೀ ತೋರ್ಸು. ಮರಾಠಿ ನಾ ತೋರ್ಸ್ತೀನಿ. ನಿಂದು ಹಾಳಿ ಸ್ವಲ್ಪ ಈ ಕಡೆ ಇಟ್ರ ಸಾಕು.”

“ನೀ ಶಪಥ ಹೇಳೀದಿ ಅಲ್ಲ?”

“ಹೇಳೀನಿ. ಆದ್ರ ‘ನಾಹೀ’ ಅನ್ನೂದು ಸಣ್ಣಗ ಅಂದೀನಿ. ನನಗೇ ಕೇಳಿಲ್ಲ.”

ನಮ್ಮತ್ತೆ ಸೂಜಿ ನಿಲ್ಲಿಸಿ ಸೆರಗು ಬಾಯಿಗೊತ್ತಿಕೊಂಡರು.

“ಮತ್ತ ನಿನಗೇನು ಹೆದರಿಕಿ?” ವೈಷ್ಣವಿ ಬಿಡಲಿಲ್ಲ. “ನೀ ನೋಡೂದಿಲ್ಲ, ತೋರಸ್ತಿ. ಶಪಥದಾಗ ಕಾಪಿ ಮಾಡೂದಿಲ್ಲ ಅಂತ ಅದ. ತೋರ್ಸೂದಿಲ್ಲ ಅಂತ ಎಲ್ಲದ?”

ಆಗ ನನಗೆ ಗೊತ್ತಾಯಿತು, ಮಗಳ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇದೇ. ಶಪಥದಲ್ಲಿ ಆ ಮಾತು ಇಲ್ಲ. ಇಲ್ಲದ್ದರಿಂದಲೇ ಅವಳಿಗೆ ಶಪಥ ಹೇಳಲಾಗುತ್ತಿಲ್ಲ. ತೋರಿಸಿದರೆ ಶಪಥ ಸುಳ್ಳಾಗುತ್ತದೋ ಇಲ್ಲವೋ ಗೊತ್ತಿಲ್ಲ. ತೋರಿಸದಿದ್ದರೆ ಆ ಶಾಲೆಯಲ್ಲಿ ಅವಳ ಬಾಯಾಗಿದ್ದ ಒಬ್ಬಳೇ ಗೆಳತಿ ಸಿಟ್ಟಾಗುತ್ತಾಳೆ.

“ಇಬ್ಬರೂ ಇತ್ಲಾಗ ಬರ್ರಿ,” ಎಂದು ಕರೆದೆ. “ಆಯಿಗೆ ಕಣ್ಣು ಕಾಣೂದಿಲ್ಲ. ಸೂಜಿಗೆ ದಾರ ಹಾಕ್ರಿ.”

ಬಂದರು. ಶೀತಲ ಸೂಜಿ ಹಿಡಿದಳು, ವೈಷ್ಣವಿ ದಾರ ಹಿಡಿದಳು. ನಾನು ಕೌದಿಯಿಂದ ಕಣ್ಣೆತ್ತಲಿಲ್ಲ.

“ವೈಷ್ಣವಿ, ನಾಳಿ ನೀ ಶೀತಲನ ಹಾಳಿ ನೋಡಿ ಎಲ್ಲಾ ಲೆಕ್ಕ ಖರೇ ಬರದಿ ಅಂತ ತಿಳ್ಕೋ. ಸರ್ ಏನ್ ಅಂತಾರ?”

ಅವಳು ಕಂಬಳಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಸಿಕ್ಕಿಬಿದ್ದದ್ದು ತಿಳಿದರೂ ಧೈರ್ಯಗೆಡಲಿಲ್ಲ. “ಶಾಣ್ಯಾ ಅಂತಾರ.”

“ಶಾಣ್ಯಾಕಿಗೆ ಮತ್ತೊಮ್ಮೆ ಭಾಗಾಕಾರ ಕಲಸ್ತಾರೇನು?”

“ಇಲ್ಲ. ಮುಂದಿನ ಪಾಠಕ್ಕ ಹೋಗ್ತಾರ.”

“ಮತ್ತ ಆ ಹೊಟ್ಟಿನೋವು?”

ವೈಷ್ಣವಿ ದಾರದ ತುದಿ ಬಾಯಲ್ಲಿಟ್ಟು ಯೋಚಿಸಿದಳು. “ಆಕಿ ಅಲ್ಲೇ ಇರ್ತಾಳ.”

“ಪರೀಕ್ಷಾ ಅಂದ್ರ ಅಷ್ಟೇ ಅವ್ವಿ. ಎಲ್ಲಿ ನೋವದ ಅಂತ ಸರ್‌ಗ ತೋರ್ಸೂದು. ನೀ ಶೀತಲನ ಹೊಟ್ಟಿ ತೋರ್ಸಿದ್ರ ನಿನಗ ಔಷಧ ಯಾರು ಕೊಡಬೇಕು?”

ಶೀತಲ ಮೊದಲ ಸಲ ನಕ್ಕಳು. ನಮ್ಮತ್ತೆಗೆ ತಾವೂ ಒಂದು ಹೇಳಬೇಕೆನಿಸಿತು.

“ಕದ್ದು ಕುಡಿಯೂ ಮರಿಗಿ ಎಲ್ಲಾರೂ ಬೈತಾರ. ಕಂಡಕಂಡ ಮರಿಗಿ ಕುಡಸ್ಕೋತ ನಿಂದ್ರೂ ಕುರಿಗಿ ಯಾರೂ ಏನೂ ಅನ್ನೂದಿಲ್ಲ. ಅದಕ್ಕೂ ಒಂದು ಏಟು ಹಾಕಬೇಕು ನೋಡು.”

“ಆಯಿ, ಕುರಿಗೆ ಪರೀಕ್ಷಾ ಎಲ್ಲದ?” ಎಂದಳು ಶೀತಲ. “ಅದು ಪಾಪ, ಹಾಲು ಹೆಚ್ಚಾಗಿ ಕೊಡ್ತದ.”

“ಎಲಾ ಇವಳ! ಬಾಯಿಲ್ಲ ಅಂತಾರಲ್ಲ ಸಾಲ್ಯಾಗ ಇವಳಿಗಿ?”

ಅಂದು ಸಂಜೆಯವರೆಗೂ ಅವರಿಬ್ಬರೂ ದೊಡ್ಡಿಯಲ್ಲಿ ಕೂತರು. ಶೀತಲ ಮರಿಗಳನ್ನು ಮೂರು ಮೂಲೆಗೆ ಸಮನಾಗಿ ಹಂಚಿ ಭಾಗಾಕಾರ ಕಲಿಸಲು ಹೊರಟಳು. ಮರಿಗಳು ನಿಲ್ಲಬೇಕಲ್ಲ! ಒಂದು ಮೂಲೆಯ ಮರಿ ಇನ್ನೊಂದು ಮೂಲೆಗೆ ಓಡಿ ಉತ್ತರವೆಲ್ಲ ತಪ್ಪಾಯಿತು. ಕೊನೆಗೆ ಹುಣಸೆಬೀಜ ತಂದು ಹಂಚಿದರು. ವೈಷ್ಣವಿಗೆ ಹಂಚುವುದು ತಿಳಿಯಿತು, ಉಳಿದ ಬೀಜವನ್ನು ಏನು ಮಾಡಬೇಕೆಂಬುದು ತಿಳಿಯಲಿಲ್ಲ. “ಉಳಿದದ್ದು ಬಾಯಾಗ ಹಾಕ್ಕೋತೀನಿ,” ಎಂದಳು. ಅವಳ ಪಾಳಿ ಬಂದಾಗ ಶೀತಲಳಿಗೆ ಪಾಠ ಹೇಳಿಕೊಟ್ಟಳು: ಮೀ ಆಲೇ, ಮೀ ಗೇಲೇ, ಮೀ ಬಸಲೇ, ಮೀ ವಿಚಾರತೇ. ಬಂದೆ, ಹೋದೆ, ಕೂತೆ, ಕೇಳುತ್ತೇನೆ.

“ವಿಚಾರತೋ ಅಂದ್ರ ಮತ್ತ ದಾದಾ ಆಗ್ತಿ ನೋಡು. ತೇ, ತೇ. ಶೇಳಿ ಒದರಿದಂಗ.”

ಶೇಳಿ ಎಂದರೆ ಆಡು. ಶೀತಲ ಆಡಿನಂತೆಯೇ ‘ತೇ’ ಎಂದಳು. ದೊಡ್ಡಿಯ ಮೂಲೆಯಿಂದ ಉತ್ತರವೂ ಬಂತು.

ಹೊರಡುವಾಗ ವೈಷ್ಣವಿ ಬಾಗಿಲಲ್ಲಿ ತಡೆದು ನಿಂತಳು. “ನಾಳಿ ಸರ್‌ಗ ಏನೋ ಕೇಳಾಕಿ ಅಂದಿ. ನನ್ನ ಹೆಸರು ತಗೋತಿಯೇನು?”

“ಇಲ್ಲ.”

“ಆಣಿ?”

“ಆಣಿ ಯಾಕ? ಇಲ್ಲ ಅಂದೀನಿ ಅಲ್ಲ. ದೊಡ್ಡದಾಗೇ ಅಂದೀನಿ.”

ವೈಷ್ಣವಿ ಸ್ವಲ್ಪ ಹೊತ್ತು ಚಪ್ಪಲಿ ಮೆಟ್ಟುತ್ತ ನಿಂತಳು. “ಆದ್ರೂ ಒಂದು ಲೆಕ್ಕ ತೋರ್ಸು, ಹಾಂ? ಉಳಿಯೂದು ಇರ್ತದಲ್ಲ, ಅದು ಒಂದೇ,” ಎಂದು ಓಡಿಹೋದಳು.

ಒಲೆಯ ಮುಂದೆ ಶೀತಲ ನನ್ನ ಬೆನ್ನಿಗೆ ಒರಗಿಕೊಂಡಳು. ರೊಟ್ಟಿ ಬಡಿಯುವಾಗ ಬೆನ್ನಿಗೊಂದು ಭಾರವಿದ್ದರೆ ಕೈ ಸರಿಯಾಗಿ ಆಡುವುದಿಲ್ಲ, ಆದರೂ ಆಚೆ ಸರಿ ಎನ್ನಲಿಲ್ಲ.

“ಅವ್ವ, ನೀನೇ ಬಂದು ಸರ್‌ಗ ಕೇಳಿಬಿಡು. ನಿನಗೆಲ್ಲಾ ಕೇಳ್ಯಾದ, ಕಂಬಳಿ ಹಿಂದಿಂದ.”

“ಕೇಳಬಹುದು. ನನ್ನ ಮರಾಠಿ ನಿನಕಿಂತ ಕೆಟ್ಟದದ, ಇನ್ನೂ ಹೆಚ್ಚು ನಗ್ತಾರ. ಆದ್ರ ಆಮ್ಯಾಲೆ ಮುಂದಿನ ಪ್ರಶ್ನೆ ಬಂತು ಅಂದ್ರ? ಆವಾಗೂ ನಾ ಕುರಿ ಬಿಟ್ಟು ಓಡಿ ಬರಬೇಕೇನು?”

“ನಗ್ತಾರ ಅವ್ವ.”

“ನಗ್ತಾರ. ನಾನೂ ನಕ್ಕೀನಿ ನಿನ್ನೆ, ಸರ್ ಸುದ್ದಾ ನಕ್ಕಾರ. ನಕ್ಕು ಮುಗದಮ್ಯಾಲ ಏನಾತು? ನಿನ್ನ ಮಾತು ತಿಳೀತು.”

ಬೆನ್ನಿನ ಭಾರ ಹಾಗೇ ಇತ್ತು. ಒಂದು ರೊಟ್ಟಿ ಅಂಚು ಹರಿಯಿತು.

ಸೋಮವಾರ ಬೆಳಗ್ಗೆ ಜೋಳದ ಡಬ್ಬಿ ಸೊಂಟಕ್ಕಿಟ್ಟುಕೊಂಡು ಗಿರಣಿಗೆ ಹೊರಟೆ. ಗಿರಣಿ ಇರುವುದು ನಮ್ಮ ಮನೆಯ ಹಿಂದೆಯೇ. ಆದರೂ ಶಾಲೆಯ ಮುಂದಿನಿಂದ ಹೋದೆ.

“ಗಿರಣಿ ಈ ಕಡೆ ಬಂದಾಳೇನು?” ಎಂದು ನಮ್ಮತ್ತೆ ಹಿಂದಿನಿಂದ ಕೂಗಿದರು.

ಪ್ರಾರ್ಥನೆ ಮುಗಿದಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು, ಎಲ್ಲರ ಕೈಯಲ್ಲೂ ಪರೀಕ್ಷೆಯ ಹಲಗೆ. ಶಿವಾಜಿ ಸರ್ ಶೀತಲಳನ್ನು ಮುಂದಕ್ಕೆ ಕರೆದರು. ಅವಳು ಸಾಲಿನಿಂದ ಹೊರಗೆ ಬಂದು ಎಲ್ಲರ ಎದುರು ನಿಂತಳು. ನಾನು ಫಾಟಕದ ಆಚೆ ಡಬ್ಬಿ ಅಪ್ಪಿಕೊಂಡು ನಿಂತೆ.

“ಹೇಳವ್ವ,” ಎಂದರು ಸರ್. “ಶಪಥ ಹೇಳಿದ್ರ ಎಲ್ಲಾರೂ ಒಳಗ ಹೋಗೂಣು.”

ಶೀತಲ ತಲೆ ಅಲ್ಲಾಡಿಸಿದಳು. ಸರ್ ಮುಖ ಸಣ್ಣದಾಯಿತು.

“ಸರ್, ಮೀ...” ದನಿ ಎಷ್ಟು ಸಣ್ಣದೆಂದರೆ ಫಾಟಕದವರೆಗೆ ಬರಲು ದಾರಿಯಲ್ಲಿ ಎರಡು ಸಲ ಕೂತೆದ್ದು ಬಂದಂತಿತ್ತು. “ಮೀ ಏಕ ವಿಚಾರತೋ...”

ಸಾಲಿನಿಂದ ಸಾಲಿಗೆ ನಗು ಹರಿಯಿತು. “ದಾದಾ!” ಯಾರೋ ಕೂಗಿದರು. “ವಿಚಾರಾ ದಾದಾ, ವಿಚಾರಾ!”

ನಾನು ಡಬ್ಬಿ ಕೆಳಗಿಟ್ಟೆ. ಶೀತಲಳ ಹೆಬ್ಬೆರಳು ನೆಲ ಕೆರೆಯತೊಡಗಿತು. ಒಳಗೆ ಹೋಗಿ ಅವಳ ಕೈ ಹಿಡಿದು ಮನೆಗೆ ಕರೆತರಬೇಕೆನಿಸಿತು. ಫಾಟಕದ ಸರಳು ಬಿಗಿಯಾಗಿ ಹಿಡಿದು ನಿಂತೆ.

“ಗಪ್ಪ ನಿಂದರ್ರಿ ಲೇ!” ಎಂದು ಸಾಲಿನೊಳಗಿಂದ ಗದರಿಸಿದವಳು ವೈಷ್ಣವಿ. ಗದರಿಸಿದಮೇಲೆ ತನಗೇ ಹೆದರಿಕೆಯಾಗಿ ಪರೀಕ್ಷೆಯ ಹಲಗೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಳು.

ಶೀತಲ ತಲೆ ಎತ್ತಿದಳು.

“ವಿಚಾರತೇ,” ಎಂದು ತಿದ್ದಿಕೊಂಡಳು. ನಗು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿತ್ತು. ಅವಳು ಅದು ಮುಗಿಯುವುದನ್ನು ಕಾಯಲಿಲ್ಲ. ಹಳ್ಳ ದಾಟುವಾಗ ಕಲ್ಲು ನೋಡಿ ಕಾಲಿಡುವಂತೆ ಒಂದೊಂದೇ ಮರಾಠಿ ಮಾತು ಹುಡುಕಿ, ಸಿಗದ ಕಡೆ ಕನ್ನಡವನ್ನೇ ಇಟ್ಟು, ಇಡೀ ಅಂಗಳಕ್ಕೆ ಕೇಳುವಂತೆ ಕೇಳಿದಳು:

“ಸರ್, ಇನ್ನೊಬ್ಬರದು ನೋಡಿ ಬರೆದ್ರ ಕಾಪಿ ಅಂದ್ರಿ. ಯಾರರೇ ಕೇಳಿದ್ರು ಅಂತ ನಾನೇ ತೋರ್ಸಿದ್ರ, ಅದು ಯಾರ ಕಾಪಿ?”